ಹೋಮ್ ಸಾಕಾ, ಪ್ರೊ ಬೇಕಾ? ನಮ್ಮ ಕಾಫಿ ಆಫೀಸಿನಲ್ಲಿ ಮಾಡಿ ನೋಡಿದ್ದು

ಲ್ಯಾಪ್‌ಟಾಪ್ ಕೊಳ್ಳುವಾಗ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿರೋದು ಯಾವ ವಿಂಡೋಸ್, ಹೋಮಾ ಪ್ರೊನಾ ಅಂತ ಕೇಳೋರು ಕಡಿಮೆ. ಮನೆಗಾದರೆ ಕೇಳದಿದ್ದರೂ ನಡೆಯುತ್ತೆ. ಆಫೀಸಿಗಾದರೆ ಕೇಳಲೇಬೇಕು ಅನ್ನೋದು ಕಳೆದ ಸೀಸನ್‌ನಲ್ಲಿ ನನಗೆ ಗಟ್ಟಿಯಾಯಿತು.

ನಾನು ಕೆಲಸ ಮಾಡೋದು ಚಿಕ್ಕಮಗಳೂರಿನ ಒಂದು ಕಾಫಿ, ಮೆಣಸು ವ್ಯಾಪಾರದ ಆಫೀಸಿನಲ್ಲಿ. ಯಜಮಾನರಿಗೆ ಆಲ್ದೂರು ಕಡೆ ತೋಟವೂ ಇದೆ. ಬಿಲ್ಲು, ಬ್ಯಾಂಕು, ಜಿಎಸ್‌ಟಿ ಎಲ್ಲ ನನ್ನ ಮೇಜಿಗೆ ಬರುತ್ತೆ. ಕಂಪ್ಯೂಟರ್ ಕೆಟ್ಟರೆ ಅದೂ ನನ್ನ ಮೇಜಿಗೇ. ಐಟಿ ವಿಭಾಗ ಅಂತ ಬೇರೆ ಇಲ್ಲ. ನಮ್ಮೂರಿನ ಎಷ್ಟೋ ಆಫೀಸುಗಳ ಕಥೆ ಇದೇ ಅಲ್ವಾ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು. ನಮ್ಮ ಹಳೇ ಕಂಪ್ಯೂಟರುಗಳಿಗೆ ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿನಿಂದ ಈಚೆಯ ಪ್ರೊಸೆಸರ್ ಬೇಕು. ನಮ್ಮವು ಅದಕ್ಕಿಂತ ಹಳೆಯವು. ಮನೆ ಕಂಪ್ಯೂಟರುಗಳಿಗೆ ಇನ್ನೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಪಡೆಯೋ ದಾರಿಯನ್ನು ಮೈಕ್ರೋಸಾಫ್ಟ್ ಬಿಟ್ಟಿತ್ತು. ಸೆಟ್ಟಿಂಗ್ಸ್ ಬ್ಯಾಕಪ್ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿದರೆ ದುಡ್ಡಿಲ್ಲದೆ ಸಿಗುತ್ತೆ, ಇಲ್ಲದಿದ್ದರೆ 30 ಡಾಲರ್. ಅದೇ ಅಪ್‌ಡೇಟನ್ನು ಸಂಸ್ಥೆಗಳು ತಗೊಂಡರೆ ಮೊದಲ ವರ್ಷ ಒಂದು ಕಂಪ್ಯೂಟರಿಗೆ 61 ಡಾಲರ್, ಮುಂದಿನ ವರ್ಷ ಅದರ ಎರಡರಷ್ಟು, ಆಮೇಲೆ ಅದರ ಎರಡರಷ್ಟು. ಮನೆಗೊಂದು ದರ, ಸಂಸ್ಥೆಗೊಂದು ದರ ಅನ್ನೋದು ನನಗೆ ಎದ್ದು ಕಂಡದ್ದು ಇಲ್ಲೇ. ಹಳೇ ಮಿಷನ್ನಿಗೆ ದುಡ್ಡು ಸುರಿಯೋದಕ್ಕಿಂತ ಹೊಸದು ತರೋದೇ ಸರಿ ಅಂತ ಯಜಮಾನರು ಒಪ್ಪಿದರು.

ಅಂಗಡಿಯ ಹುಡುಗ ತೋರಿಸಿದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ‘ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಪ್ರೊ ಇರೋದು ತೋರಿಸಿ ಅಂದೆ. “ಪ್ರೊ ಬೇಕಾದ್ರೆ ಆರ್ಡರ್ ಹಾಕ್ಬೇಕು ಮೇಡಂ, ರೇಟೂ ಜಾಸ್ತಿ. ಆದ್ರೆ ಸ್ಪೀಡ್ ಇರುತ್ತೆ, ವೈರಸ್ ಬರಲ್ಲ” ಅಂದ. ಈ ಮಾತು ಬಹಳ ಕಡೆ ಕೇಳಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಪ್ರೊ ಹಾಕಿದರೆ ಕಂಪ್ಯೂಟರ್ ಒಂದಿಷ್ಟೂ ಜೋರಾಗಿ ಓಡೋದಿಲ್ಲ. ವೈರಸ್ ತಡೆಯೋ ಡಿಫೆಂಡರ್ ಎರಡರಲ್ಲೂ ಒಂದೇ, ಫೈರ್‌ವಾಲ್ ಒಂದೇ. ಟ್ಯಾಲಿ, ಎಕ್ಸೆಲ್, ನುಡಿ, ಪ್ರಿಂಟರ್ ಎಲ್ಲ ಎರಡರಲ್ಲೂ ಒಂದೇ ಥರ ನಡೆಯುತ್ತವೆ. ಹೋಮ್ 128 ಜಿಬಿ ರ‍್ಯಾಮ್‌ವರೆಗೆ, ಪ್ರೊ 2 ಟಿಬಿವರೆಗೆ ಅಂತ ಒಂದು ವ್ಯತ್ಯಾಸ ಇರೋದು ನಿಜ. ಆದರೆ ನಮ್ಮ ಕಂಪ್ಯೂಟರುಗಳಲ್ಲಿರೋದೇ 8 ಜಿಬಿ. ಅದನ್ನು ನೋಡಿ ಪ್ರೊ ತಗೊಳ್ಳೋರು ನಮ್ಮಲ್ಲಿ ಯಾರೂ ಇರಲಾರರು.

ಹಿಂದೆ ಹೀಗಿರಲಿಲ್ಲ. ವಿಂಡೋಸ್ 95, 98, ಮಿಲೇನಿಯಂ ಮನೆಗೆ, ಎನ್‌ಟಿ ಮತ್ತು 2000 ಆಫೀಸಿಗೆ ಅಂತ ಇದ್ದ ಕಾಲದಲ್ಲಿ ಅವು ಒಳಗಿನಿಂದಲೇ ಬೇರೆ ಬೇರೆ. ಮನೆಯದ್ದು ಡಾಸ್ ಅನ್ನೋ ಹಳೇ ವ್ಯವಸ್ಥೆಯ ಮೇಲೆ ಬೆಳೆದದ್ದು, ಆಫೀಸಿನದ್ದು ಹೊಸದಾಗಿ ಕಟ್ಟಿದ್ದು. ಆಗ ಆಫೀಸಿನ ವಿಂಡೋಸ್ ನಿಜವಾಗಿಯೂ ಗಟ್ಟಿ, ಮನೆಯದ್ದು ಪದೇ ಪದೇ ನಿಂತು ಹೋಗುತ್ತಿತ್ತು. 2001ರಲ್ಲಿ ಎಕ್ಸ್‌ಪಿ ಬಂದಾಗ ಎರಡೂ ಎನ್‌ಟಿ ಬುನಾದಿಗೇ ಬಂದವು. ಹೋಮ್ ಎಡಿಷನ್, ಪ್ರೊಫೆಷನಲ್ ಅಂತ ಹೆಸರು, ಕೆಲವು ಸೌಲಭ್ಯ ಮಾತ್ರ ಬೇರೆ. ಅಲ್ಲಿಂದ ಇವತ್ತಿನವರೆಗೂ ಅದೇ ಕ್ರಮ. ವಿಂಡೋಸ್ 7 ಕಾಲದಲ್ಲಿ ನಮ್ಮಂಥ ದೇಶಗಳಿಗೆ ಅಂತಲೇ ಹೋಮ್ ಬೇಸಿಕ್ ಮಾರುತ್ತಿದ್ದರು, ಕಿಟಕಿಗಳ ಗಾಜಿನಂಥ ಹೊಳಪು ಅದರಲ್ಲಿ ಇರುತ್ತಿರಲಿಲ್ಲ. ಈಗ ಹೋಮ್‌ನಿಂದ ಪ್ರೊಗೆ ಹೋಗೋಕೆ ಡಿವಿಡಿ ಬೇಡ, ಫಾರ್ಮ್ಯಾಟ್ ಬೇಡ. ಲೈಸೆನ್ಸ್ ಬದಲಾದರೆ ಸಾಕು. ‘ಪ್ರೊ ಅಂದ್ರೆ ಗಟ್ಟಿ’ ಅನ್ನೋ ನಂಬಿಕೆ ಹಳೇ ಕಾಲದಿಂದ ಉಳಿದುಕೊಂಡು ಬಂದದ್ದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನಗೆ ಗೊತ್ತಾದದ್ದು ಒಂದು ಫೋನ್ ಕರೆಯಿಂದ.

ನಮ್ಮಲ್ಲಿ ಮೊದಲೇ ಇದ್ದ ಒಂದು ವಿಂಡೋಸ್ 11 ಹೋಮ್ ಲ್ಯಾಪ್‌ಟಾಪು, ಕಾಫಿ ಕುಯ್ಲು ಜೋರಾಗಿದ್ದಾಗ ಒಂದು ಬೆಳಗ್ಗೆ ನೀಲಿ ಪರದೆ ತೋರಿಸಿತು. ಹಿಂದಿನ ದಿನ ಅದರಲ್ಲಿ ಕಂಪ್ಯೂಟರನ್ನು ಶುರು ಮಾಡೋ ಒಳಗಿನ ಪ್ರೋಗ್ರಾಂ, ಅಂದರೆ ಬಯೋಸ್, ಅಪ್‌ಡೇಟ್ ಆಗಿತ್ತು. ಪರದೆ ಮೇಲೆ ‘ರಿಕವರಿ ಕೀ ಹಾಕಿ’ ಅಂತ ಬರೆದಿತ್ತು, ಕೆಳಗೆ ಒಂದು ಕೀ ಐಡಿ. ಈ ಕೀ 48 ಅಂಕಿಯದ್ದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅನ್ನೋದು ತಾನಾಗಿಯೇ ಆನ್ ಆಗಿರುತ್ತೆ. ಡಿಸ್ಕಿಗೆ ಬೀಗ ಬೀಳುತ್ತೆ, ಕೀ ಆ ಖಾತೆಗೆ ಹೋಗಿ ಕೂರುತ್ತೆ. ಲ್ಯಾಪ್‌ಟಾಪ್ ಕಳ್ಳತನವಾದರೆ ಒಳಗಿನದು ಕಳ್ಳನಿಗೆ ಸಿಗೋದಿಲ್ಲ, ಅದು ಒಳ್ಳೆಯದೇ. ಆದರೆ ನಮ್ಮ ಲ್ಯಾಪ್‌ಟಾಪನ್ನು ಮೊದಲು ಸೆಟಪ್ ಮಾಡಿದ್ದು ಆಗ ನಮ್ಮಲ್ಲಿದ್ದ ಒಬ್ಬ ಹುಡುಗ. ಅವನು ತನ್ನ ಸ್ವಂತ ಈಮೇಲ್ ಹಾಕಿದ್ದ. ಆಮೇಲೆ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ಆಫೀಸಿನ ಲ್ಯಾಪ್‌ಟಾಪಿನ ಕೀ ಅವನ ಖಾತೆಯಲ್ಲಿತ್ತು.

ಪುಣ್ಯಕ್ಕೆ ಅವನು ಫೋನ್ ಎತ್ತಿದ. “ಅಕ್ಕಾ, ಒಂದ್ನಿಮಿಷ ಇರಿ” ಅಂದು ತನ್ನ ಖಾತೆ ತೆಗೆದ. ಕೀ ಐಡಿಯ ಮೊದಲ ಅಕ್ಷರಗಳನ್ನು ನಾನು ಓದಿದೆ, ಅವನು ತಾಳೆ ನೋಡಿದ. ಆಮೇಲೆ ಆರಾರು ಅಂಕಿಯ ಎಂಟು ಗುಂಪು, ಒಂದೊಂದೇ ಗುಂಪು ಅವನು ಹೇಳೋದು, ನಾನು ಟೈಪ್ ಮಾಡಿ ತಿರುಗಿ ಓದಿ ಹೇಳೋದು. ಕೊನೆಯ ಗುಂಪು ಹಾಕಿ ಎಂಟರ್ ಒತ್ತಿದಾಗ ವಿಂಡೋಸ್ ತೆರೆಯಿತು. ಅವನು ಫೋನ್ ಎತ್ತದೇ ಹೋಗಿದ್ದರೆ, ಅಥವಾ ಆ ಖಾತೆಯನ್ನೇ ಅಳಿಸಿಬಿಟ್ಟಿದ್ದರೆ, ಆ ಡಿಸ್ಕಿನಲ್ಲಿದ್ದದ್ದನ್ನು ಯಾವ ರಿಪೇರಿಯವನೂ ತೆಗೆದುಕೊಡಲು ಆಗುತ್ತಿರಲಿಲ್ಲ.

ಹೋಮ್ ಆವೃತ್ತಿ ಒಂದು ವಿಷಯವನ್ನು ಮೊದಲೇ ನಂಬಿಕೊಂಡಿದೆ: ಈ ಕಂಪ್ಯೂಟರ್ ಒಬ್ಬ ಮನುಷ್ಯನದ್ದು, ಅದರ ಬೀಗ, ಕೀ, ಸೆಟ್ಟಿಂಗು ಎಲ್ಲ ಆ ಮನುಷ್ಯನದ್ದು. ಪ್ರೊ ಬೇರೆ ಥರ ನಂಬುತ್ತೆ. ಕಂಪ್ಯೂಟರ್ ಒಂದು ಸಂಸ್ಥೆಯದ್ದು, ಅದರ ಮುಂದೆ ಕೂರುವವರು ಬದಲಾಗುತ್ತಾರೆ, ಹಿಡಿತ ಸಂಸ್ಥೆಯ ಕೈಲಿರಬೇಕು. ಪ್ರೊನಲ್ಲಿರೋ ಹೆಚ್ಚಿನ ಸೌಲಭ್ಯಗಳೆಲ್ಲ ಈ ಒಂದು ಮಾತಿನಿಂದ ಬಂದವು. ಇಷ್ಟು ತಿಳಿದ ಮೇಲೆ ಯಾವ ಮೇಜಿಗೆ ಏನು ಬೇಕು ಅಂತ ಯೋಚಿಸೋದು ಸುಲಭವಾಯಿತು.

ಮುಂದಿನ ಕೌಂಟರ್ ಕಂಪ್ಯೂಟರ್ ಬಗ್ಗೆ ಯೋಚಿಸೋದೇನೂ ಇರಲಿಲ್ಲ. ಚೀಲ ತೂಕ ಮಾಡಿ ಚೀಟಿ ಕೊಡೋದು, ಬಿಲ್ ಹಾಕೋದು. ಅದು ಜಾಗ ಬಿಟ್ಟು ಕದಲೋದಿಲ್ಲ, ಅದಕ್ಕೆ ಹೋಮ್ ಸಾಕು. ಫೋಲ್ಡರ್ ಶೇರ್ ಮಾಡೋಕೆ ಪ್ರೊ ಬೇಕು ಅಂತ ಒಬ್ಬರು ಹೇಳಿದ್ದರು, ಅದು ತಪ್ಪು. ಹೋಮ್‌ನಲ್ಲೂ ಫೋಲ್ಡರ್ ಶೇರ್ ಆಗುತ್ತೆ. ಟ್ಯಾಲಿಯನ್ನು ಒಟ್ಟಿಗೆ ನಾಲ್ಕು ಜನ ಬಳಸಬೇಕಾದರೆ ಟ್ಯಾಲಿಯ ಲೈಸೆನ್ಸ್ ಸಿಲ್ವರ್ ಬದಲು ಗೋಲ್ಡ್ ಇರಬೇಕು. ವಿಂಡೋಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಯಜಮಾನರ ಲ್ಯಾಪ್‌ಟಾಪ್ ಹಾಗಲ್ಲ. ಅದು ಜೀಪಿನಲ್ಲಿ ತೋಟಕ್ಕೆ ಹೋಗುತ್ತೆ, ಬೆಂಗಳೂರಿಗೆ ಹೋಗುತ್ತೆ. ಬ್ಯಾಂಕಿನ ಪತ್ರ, ಜಮೀನಿನ ದಾಖಲೆ, ಬೆಳೆಗಾರರ ಬಾಕಿ ಪಟ್ಟಿ ಎಲ್ಲ ಅದರಲ್ಲಿದೆ. ಅದಕ್ಕೆ ಪೂರ್ತಿ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕೋ ಪೂರ್ಣ ವ್ಯವಸ್ಥೆ, ಬೇಕು ಅಂತ ನಾನು ಹಟ ಹಿಡಿದೆ. ಬಿಟ್‌ಲಾಕರ್‌ನ ನಿರ್ವಹಣೆ ಇರೋದು ಪ್ರೊನಲ್ಲಿ. ಯಾವ ಡ್ರೈವಿಗೆ ಬೀಗ, ಕೀ ಎಲ್ಲಿಡಬೇಕು ಅನ್ನೋದನ್ನು ನಾವೇ ತೀರ್ಮಾನಿಸಬಹುದು. ನಾನು ಆ ಕೀಯನ್ನು ಪ್ರಿಂಟ್ ತೆಗೆದು, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆದು, ಆಫೀಸಿನ ಬೀರುವಿನಲ್ಲಿ ಚೆಕ್ ಪುಸ್ತಕಗಳ ಜೊತೆ ಇಟ್ಟಿದ್ದೇನೆ. ಹೋಮ್‌ನಲ್ಲೂ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಕೊಟ್ಟು ಕೀ ನೋಡಿ ಬರೆದುಕೊಳ್ಳಬಹುದು, ಹೋಮ್ ಇಟ್ಟುಕೊಂಡಿರೋರು ದಯವಿಟ್ಟು ಇವತ್ತೇ ಅಷ್ಟು ಮಾಡಿ. ಇನ್ನೊಂದು ಅನುಕೂಲ ಪೆನ್‌ಡ್ರೈವಿನದ್ದು. ಪ್ರೊನಲ್ಲಿ ಪೆನ್‌ಡ್ರೈವಿಗೂ ಬಿಟ್‌ಲಾಕರ್ ಹಾಕಬಹುದು. ಹೋಮ್‌ನಲ್ಲಿ ಹಾಕೋಕೆ ಬರೋದಿಲ್ಲ, ಆದರೆ ಪಾಸ್‌ವರ್ಡ್ ಕೊಟ್ಟು ತೆಗೆಯೋಕೆ ಬರುತ್ತೆ. ಆಡಿಟರ್‌ಗೆ ಟ್ಯಾಲಿ ಬ್ಯಾಕಪ್ ಕಳಿಸೋದು ಈಗ ಹೀಗೇ. ಪೆನ್‌ಡ್ರೈವ್ ದಾರಿಯಲ್ಲಿ ಬಿದ್ದು ಹೋದರೂ ಯಾರ ಲೆಕ್ಕವೂ ಬೀದಿಗೆ ಬರೋದಿಲ್ಲ.

ತೋಟದ ಕಂಪ್ಯೂಟರಿನದ್ದು ಸ್ವಲ್ಪ ದೊಡ್ಡ ಕಥೆ. ಅಲ್ಲಿ ರೈಟರ್, ಅಂದರೆ ತೋಟದ ಗುಮಾಸ್ತರು, ಚೆಕ್‌ರೋಲ್ ಹಾಕುತ್ತಾರೆ, ಯಾರು ಎಷ್ಟು ಹಣ್ಣು ಕುಯ್ದರು, ಎಷ್ಟು ಕೂಲಿ ಅನ್ನೋ ಲೆಕ್ಕ. ಏನಾದರೂ ತೊಡಕಾದರೆ ನಾನು ಆಲ್ದೂರಿಗೆ ಹೋಗಬೇಕಿತ್ತು, ಮಳೆಗಾಲದಲ್ಲಿ ಅದು ಅರ್ಧ ದಿನದ ಕೆಲಸ. ಇಲ್ಲಿಂದಲೇ ಅದನ್ನು ತೆಗೆದು ನೋಡೋಕೆ ರಿಮೋಟ್ ಡೆಸ್ಕ್‌ಟಾಪ್ ಬೇಕು. ಹಾಗಾದರೆ ಎರಡೂ ಕಡೆ ಪ್ರೊ ಬೇಕಾ? ಬೇಡ. ಯಾವ ಕಂಪ್ಯೂಟರಿನ ಒಳಗೆ ಹೋಗಬೇಕೋ ಅದರಲ್ಲಿ ಮಾತ್ರ ಪ್ರೊ ಇದ್ದರೆ ಸಾಕು. ಹೋಗುವವರದ್ದು ಹೋಮ್ ಆದರೂ ನಡೆಯುತ್ತೆ. ಹಾಗಾಗಿ ತೋಟದ ಕಂಪ್ಯೂಟರಿಗೆ ಪ್ರೊ ಹಾಕಿಸಿದೆವು, ನನ್ನದು ಹೋಮ್ ಆಗಿಯೇ ಉಳಿಯಿತು. ಒಂದು ಲೈಸೆನ್ಸಿನ ದುಡ್ಡು ಉಳಿಯಿತು.

ರಿಮೋಟ್ ಡೆಸ್ಕ್‌ಟಾಪಿನ ಬಾಗಿಲನ್ನು, ಅಂದರೆ 3389 ಪೋರ್ಟನ್ನು, ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ಅಂಥ ಬಾಗಿಲು ಹುಡುಕಿ ಪಾಸ್‌ವರ್ಡ್ ಊಹಿಸುತ್ತಾ ಕೂರೋ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳೋರು ಒಳಗೆ ಬರೋದು ಎಷ್ಟೋ ಸಲ ಇದೇ ದಾರಿಯಿಂದ. ನಾವು ಆಫೀಸಿನ ರೌಟರಿನಲ್ಲಿ ವಿಪಿಎನ್, ಅಂದರೆ ಇಂಟರ್‌ನೆಟ್ ಮೇಲೆ ನಮಗೇ ಅಂತ ಒಂದು ಖಾಸಗಿ ದಾರಿ, ಹಾಕಿಸಿ, ತೋಟದ ಕಂಪ್ಯೂಟರನ್ನು ಅದರ ಮೂಲಕವೇ ಸೇರಿಸಿದೆವು. ಹಾಕಿಕೊಟ್ಟವನಿಗೆ ಒಂದು ಮಧ್ಯಾಹ್ನದ ಕೂಲಿ ಕೊಟ್ಟದ್ದು ನನಗೆ ಹೊರೆ ಅನ್ನಿಸಲಿಲ್ಲ.

ಬಳಸುವಾಗ ಇನ್ನೆರಡು ವಿಷಯ ಗೊತ್ತಾಯಿತು. ನಾಲ್ಕಂಕಿಯ ಪಿನ್ ರಿಮೋಟ್ ಡೆಸ್ಕ್‌ಟಾಪಿಗೆ ನಡೆಯೋದಿಲ್ಲ, ಖಾತೆಯ ಪೂರ್ತಿ ಪಾಸ್‌ವರ್ಡೇ ಬೇಕು. ಮತ್ತೆ, ಒಂದು ಹೊತ್ತಿಗೆ ಒಬ್ಬರೇ. ನಾನು ಇಲ್ಲಿಂದ ಒಳಗೆ ಹೋದರೆ ಅಲ್ಲಿ ರೈಟರ್ ಮುಂದಿನ ಪರದೆ ಲಾಕ್ ಆಗುತ್ತೆ. ಮೊದಲ ಸಲ ಹೀಗಾದಾಗ ಅವರು ಗಾಬರಿಯಿಂದ ಫೋನ್ ಮಾಡಿದರು: “ಮೇಡಂ, ನಾನು ಏನೂ ಮುಟ್ಟಿಲ್ಲ, ತಾನಾಗೇ ಆಫ್ ಆಯ್ತು!” ಈಗ ಒಳಗೆ ಹೋಗೋ ಮುಂಚೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಅವರು ಸೇವ್ ಮಾಡಿ ಎದ್ದು ಕಣದ ಕಡೆ ಒಂದು ಸುತ್ತು ಹೋಗಿ ಬರುತ್ತಾರೆ.

ಅದೇ ಕಂಪ್ಯೂಟರಿನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಕೂಡ ಕೆಲಸಕ್ಕೆ ಬಂತು. ಕಂಪ್ಯೂಟರಿನಲ್ಲಿ ಏನು ನಡೆಯಬೇಕು, ಏನು ನಡೆಯಬಾರದು ಅಂತ ನಿಯಮ ಹಾಕೋ ಸಾಧನ ಇದು, ಹೋಮ್‌ನಲ್ಲಿ ಇಲ್ಲ. ಇದರಿಂದ ಮಾಡಿದ್ದು ಮುಖ್ಯವಾಗಿ ಎರಡು. ತೋಟದ ಕಂಪ್ಯೂಟರಿಗೆ ಹೊರಗಿನ ಪೆನ್‌ಡ್ರೈವ್ ಚುಚ್ಚಿದರೆ ತೆರೆಯದ ಹಾಗೆ ಮಾಡಿದೆ. ಊರಿನ ಝೆರಾಕ್ಸ್ ಅಂಗಡಿಗಳಲ್ಲಿ ಸುತ್ತಾಡಿ ಬಂದ ಪೆನ್‌ಡ್ರೈವುಗಳಿಂದ ಬರೋ ವೈರಸ್ಸಿನ ಕಾಟ ಅಲ್ಲಿಗೆ ನಿಂತಿತು. ಎರಡನೆಯದು ಅಪ್‌ಡೇಟ್. ಹೋಮ್‌ನಲ್ಲಿ ಅಪ್‌ಡೇಟನ್ನು ಹೆಚ್ಚೆಂದರೆ ಐದು ವಾರ ನಿಲ್ಲಿಸಿಡಬಹುದು, ಆಮೇಲೆ ಹಾಕಿಕೊಳ್ಳಲೇಬೇಕು. ಪ್ರೊನಲ್ಲಿ ಪಾಲಿಸಿ ಮೂಲಕ ತಿಂಗಳ ಅಪ್‌ಡೇಟನ್ನು 30 ದಿನದವರೆಗೆ, ವರ್ಷಕ್ಕೊಮ್ಮೆ ಬರೋ ದೊಡ್ಡ ಅಪ್‌ಡೇಟನ್ನು 365 ದಿನದವರೆಗೆ ಹಿಂದಕ್ಕೆ ಹಾಕಬಹುದು. ಸೆಕ್ಯುರಿಟಿ ಅಪ್‌ಡೇಟನ್ನು ತುಂಬಾ ದಿನ ತಳ್ಳೋದು ಒಳ್ಳೆಯದಲ್ಲ, ನಾನು ಕೆಲವೇ ದಿನ ತಳ್ಳುತ್ತೇನೆ. ಆದರೆ ದೊಡ್ಡ ಅಪ್‌ಡೇಟನ್ನು ಕುಯ್ಲು ಮುಗಿಯೋವರೆಗೆ ತಡೆಹಿಡಿದಿದ್ದೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ತುಂಬೋ ಆಫೀಸುಗಳಿಗೂ ಇದು ಉಪಯೋಗ ಆಗುತ್ತೆ.

ಇನ್ನು ಡೊಮೇನ್, ಎಂಟ್ರಾ ಅಂತ ಬರುತ್ತವೆ. ನೂರಾರು ಕಂಪ್ಯೂಟರುಗಳನ್ನು ಒಂದೇ ಜಾಗದಿಂದ ನೋಡಿಕೊಳ್ಳೋಕೆ ಮಾಡಿದ್ದು, ಹೋಮ್ ಅದಕ್ಕೆ ಸೇರೋದಿಲ್ಲ. ನಮ್ಮಷ್ಟು ಸಣ್ಣ ಆಫೀಸಿಗೆ ಅದರ ಅಗತ್ಯ ಇಲ್ಲ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸೋ ಹೈಪರ್-ವಿ ಕೂಡ ನಮಗೆ ಬೇಡ. ಆದರೆ ಸ್ಯಾಂಡ್‌ಬಾಕ್ಸ್ ಅನ್ನೋದೊಂದಿದೆ, ಅದು ನನಗೆ ಬಹಳ ಇಷ್ಟವಾಯಿತು. ಒಂದು ಕಿಟಕಿಯೊಳಗೆ ಹೊಸ ವಿಂಡೋಸ್ ತೆರೆಯುತ್ತೆ. ಅನುಮಾನ ಇರೋ ಫೈಲನ್ನು ಅಲ್ಲಿ ತೆಗೆದು ನೋಡಿ ಮುಚ್ಚಿದರೆ ಆ ಕಿಟಕಿಯೊಳಗೆ ಆದದ್ದೆಲ್ಲ ಅಳಿಸಿ ಹೋಗುತ್ತೆ. ‘ಇನ್‌ವಾಯ್ಸ್ ಕಳಿಸಿದ್ದೇವೆ’ ಅಂತ ಗುರುತಿಲ್ಲದವರಿಂದ ಬರೋ ಈಮೇಲ್ ನಮಗೂ ಬರುತ್ತವೆ. ಅಂಥದ್ದು ಬಂದರೆ ಯಜಮಾನರ ಲ್ಯಾಪ್‌ಟಾಪಿನಲ್ಲಿ ಸ್ಯಾಂಡ್‌ಬಾಕ್ಸ್ ತೆಗೆದು ನೋಡುತ್ತೇನೆ.

ಪ್ರೊಗೆ ಏರಿಸಿದ ದಿನದ ಕೆಲಸ ಹೇಳಿಬಿಡುತ್ತೇನೆ. ಮೊದಲು ಟ್ಯಾಲಿಯ ಬ್ಯಾಕಪ್ ತೆಗೆದೆ. ಯುಪಿಎಸ್ ಚಾರ್ಜ್ ಇದೆಯಾ ನೋಡಿದೆ, ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಂ, ಅದರಲ್ಲಿ ಆ್ಯಕ್ಟಿವೇಷನ್. ಈಗಿನ ಎಡಿಷನ್ ಯಾವುದು ಅಂತ ಮೇಲೆ ಬರೆದಿರುತ್ತೆ, ಕೆಳಗೆ ಅಪ್‌ಗ್ರೇಡ್ ಮಾಡೋ ಜಾಗ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಕೊಳ್ಳಬಹುದು, ಅಮೆರಿಕದಲ್ಲಿ ಅದರ ಬೆಲೆ 99 ಡಾಲರ್, ನಮಗೆ ರೂಪಾಯಿ ದರ ಅಲ್ಲೇ ಕಾಣುತ್ತೆ. ಇಲ್ಲವೇ ಬಿಲ್ ಸಮೇತ ಕೊಂಡ ಕೀ ಹಾಕಬಹುದು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಶೇಕಡಾ ಲೆಕ್ಕ ಏರಿ, ಮತ್ತೆ ತೆರೆಯಿತು. ಫೈಲು, ಪ್ರಿಂಟರು, ಟ್ಯಾಲಿ ಎಲ್ಲ ಇದ್ದ ಹಾಗೇ ಇದ್ದವು. ಆಮೇಲೆ ಬಿಟ್‌ಲಾಕರ್, ರಿಮೋಟ್ ಡೆಸ್ಕ್‌ಟಾಪು ಎಲ್ಲವನ್ನೂ ನಾವೇ ಆನ್ ಮಾಡಿ ಹೊಂದಿಸಬೇಕು. ಆಫೀಸಿನ ಹೆಸರಲ್ಲೇ ಒಂದು ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿ, ಕೆಲಸದವರಿಗೆ ಸಾಧಾರಣ ಖಾತೆ ಕೊಟ್ಟೆ. ಯಾರದ್ದೂ ಸ್ವಂತ ಈಮೇಲ್ ಇಲ್ಲ. ಪ್ರೊ ಹಾಕಿಯೂ ಹುಡುಗನ ಈಮೇಲಿನಲ್ಲೇ ಲಾಗಿನ್ ಬಿಟ್ಟರೆ ಹಳೇ ತೊಂದರೆ ಮತ್ತೆ ಬರುತ್ತೆ.

ಕೀ ವಿಷಯದಲ್ಲಿ ಒಂದು ಎಚ್ಚರಿಕೆ. “ಐನೂರು ರೂಪಾಯಿಗೆ ಪ್ರೊ ಹಾಕ್ಕೊಡ್ತೀನಿ, ಲೈಫ್‌ಟೈಮ್” ಅನ್ನೋರು ಸಿಗುತ್ತಾರೆ, ನನಗೂ ಸಿಕ್ಕರು. ಬಿಲ್ ಕೊಡ್ತೀರಾ ಅಂತ ಕೇಳಿದೆ, ಇಲ್ಲ ಅಂದರು. ಇಂಥ ಕೀಗಳಲ್ಲಿ ಎಷ್ಟೋ ದೊಡ್ಡ ಸಂಸ್ಥೆಗಳಿಗೆ ಒಟ್ಟಾಗಿ ಕೊಟ್ಟ ಲೈಸೆನ್ಸಿನಿಂದ ಹೊರಗೆ ಬಂದಂಥವು. ಸಂಸ್ಥೆಯ ಸರ್ವರಿನಿಂದ ಆಗೋ ಆ್ಯಕ್ಟಿವೇಷನ್ ಒಂದು ಸಲಕ್ಕೆ 180 ದಿನ ಮಾತ್ರ ಇರುತ್ತೆ, ಆಮೇಲೆ ಆ ಸರ್ವರಿಗೆ ಮತ್ತೆ ಹೋಗಿ ಬರಬೇಕು. ಆಡಿಟ್ ಇರೋ ಆಫೀಸಿನಲ್ಲಿ ಬಿಲ್ ಇಲ್ಲದ ಲೈಸೆನ್ಸ್ ಇಟ್ಟುಕೊಳ್ಳೋದು ಬೇಡವೇ ಬೇಡ ಅನ್ನೋದು ನನ್ನ ಗಟ್ಟಿ ಮಾತು.

ಇನ್ನೊಂದು ಸೂಕ್ಷ್ಮ. ಲ್ಯಾಪ್‌ಟಾಪ್ ಜೊತೆ ಬಂದ ಹೋಮ್ ಕೀ ಮದರ್‌ಬೋರ್ಡಿನ ಒಳಗೇ ಬರೆದಿರುತ್ತೆ. ಮುಂದೆ ಯಾವತ್ತಾದರೂ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಅದು ಆ ಕೀ ಓದಿಕೊಂಡು ಹೋಮನ್ನೇ ಹಾಕುತ್ತೆ. ಆಗ ಪ್ರೊ ಕೀ ಕೊಟ್ಟು ಮತ್ತೆ ಏರಿಸಬೇಕು. ಅದಕ್ಕೇ ಪ್ರೊ ಬಿಲ್ಲಿನ ಝೆರಾಕ್ಸನ್ನೂ ಅದೇ ಬೀರುವಿನಲ್ಲಿ ಇಟ್ಟಿದ್ದೇನೆ. ಪ್ರೊನಿಂದ ಹೋಮ್‌ಗೆ ಇಳಿಯಬೇಕಾದರೆ ಮಾತ್ರ ಎಲ್ಲ ತೆಗೆದು ಹೊಸದಾಗಿ ಹಾಕೋದೇ ದಾರಿ.

ತೋಟದ ಕಂಪ್ಯೂಟರಿಗೆ ಪ್ರೊ ಬಂದ ಮೇಲೆ ರೈಟರ್ ಒಂದು ಕೇಳಿದರು: “ಈ ಮೆನು ಎಲ್ಲ ಕನ್ನಡದಲ್ಲಿ ಬರಲ್ವಾ ಮೇಡಂ?” ಮುಂಚೆ ಅದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆಗಿದ್ದಾಗ ನಾನು ಹಾಕಲು ಹೋಗಿದ್ದೆ. ನಿಮ್ಮ ಲೈಸೆನ್ಸ್ ಒಂದೇ ಭಾಷೆಗೆ ಅಂತ ತಡೆದಿತ್ತು. ಕನ್ನಡ ಕೀಬೋರ್ಡ್ ಸೇರಿಸೋಕೆ ಯಾವ ಅಡ್ಡಿಯೂ ಇರಲಿಲ್ಲ, ಟೈಪ್ ಮಾಡಬಹುದಿತ್ತು. ಪರದೆಯ ಭಾಷೆ ಮಾತ್ರ ಬದಲಾಗುತ್ತಿರಲಿಲ್ಲ. ಕರ್ನಾಟಕದಲ್ಲಿ ಮಾರೋ ಲ್ಯಾಪ್‌ಟಾಪಿನಲ್ಲಿ ಕನ್ನಡ ಪರದೆಗೆ ಬೇರೆ ದುಡ್ಡು ಕೊಡಬೇಕಾಗಿ ಬರೋದು ಸರಿಯಲ್ಲ, ಇದನ್ನು ಕೊಳ್ಳೋರೆಲ್ಲ ಕೇಳಬೇಕು. ಪ್ರೊನಲ್ಲಿ ಕನ್ನಡದ ಪ್ಯಾಕ್ ಇಳಿಸಿದೆ, ಲಾಗಿನ್ ಮಾಡಿ ಬಂದಾಗ ಮೆನುಗಳು ಕನ್ನಡದಲ್ಲಿದ್ದವು. ಎಲ್ಲೆಲ್ಲೋ ಇಂಗ್ಲಿಷ್ ಉಳಿದಿದೆ, ಆದರೂ ರೈಟರ್ ಈಗ ಪ್ರಿಂಟರ್ ಸೆಟ್ಟಿಂಗ್ ತಾವೇ ಹುಡುಕಿಕೊಳ್ಳುತ್ತಾರೆ.

ಈ ವರ್ಷ ಇನ್ನೊಂದು ಲ್ಯಾಪ್‌ಟಾಪ್ ತಗೋಬೇಕು. ಕೊಟೇಶನ್ ಕೇಳೋ ಪತ್ರದಲ್ಲಿ ಈಗಾಗಲೇ ಬರೆದಿಟ್ಟಿದ್ದೇನೆ: ವಿಂಡೋಸ್ 11 ಪ್ರೊ ಕಂಪನಿಯಿಂದಲೇ ಹಾಕಿ ಬಂದಿರಬೇಕು, ಎಡಿಷನ್ನಿನ ಹೆಸರು ಬಿಲ್ಲಿನಲ್ಲಿ ಇರಬೇಕು, ಪೆಟ್ಟಿಗೆ ನಮ್ಮ ಆಫೀಸಿನಲ್ಲೇ ಒಡೆಯಬೇಕು, ಮೊದಲ ಲಾಗಿನ್ ಅಂಗಡಿಯವರು ಮಾಡಬಾರದು.